ಇನ್ಸ್‌ಪೆಕ್ಟರ್ ತಿಂದ ಇಲಿ

ಅಮೃತೂರಿನ ನಮ್ಮ ಮನೆಯಲ್ಲಿ ಮೇಲಿನ ಅರ್ಧ ತೆಂಗಿನಕಾಯಿಗಳದ್ದು, ಕೆಳಗಿನ ಅರ್ಧ ನಮ್ಮದು. ನಡುಮನೆ, ಅಡುಗೆಮನೆ ಎರಡರ ಮೇಲೂ ಹಾಸಿದ ಒಂದೇ ಅಟ್ಟ. ತೋಟದಿಂದ ಬಂದ ಕಾಯಿ ಏಣಿ ಹತ್ತಿ ಅಲ್ಲಿಗೆ ಹೋದರೆ ಉಂಡೆ ಕೊಬ್ಬರಿಯಾಗಿ ಕೆಳಗಿಳಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಷ್ಟು ದಿನವೂ ಒಲೆಯ ಹೊಗೆ ಕುಡಿಯುತ್ತ, ಒಳಗಿನ ನೀರನ್ನು ಇಂಗಿಸಿಕೊಳ್ಳುತ್ತ ಅವು ನಮ್ಮ ತಲೆಯ ಮೇಲೆ ಸುಮ್ಮನೆ ಮಲಗಿರುತ್ತಿದ್ದವು. ಅಪ್ಪ ಆಗಾಗ ಮೇಲೆ ಹತ್ತಿ, ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಅವನ ಮುಖ ಅರಳುತ್ತಿತ್ತು. ಮನುಷ್ಯರ ಮಾತಿಗಿಂತ ತೆಂಗಿನಕಾಯಿಯ ಮಾತು ಕೇಳುವುದೇ ಅವನಿಗೆ ಸಲೀಸು. ಮದುವೆಮನೆಗೆ ಹೋದರೆ ನೆಂಟರ ನಡುವೆ ಕೂರಲಾರದೆ ಹಿಂದಿನ ಬಾಗಿಲಿಂದ ಅಡುಗೆ ಭಟ್ಟರ ಹತ್ತಿರ ಹೋಗಿ ಕಾಯಿ ತುರಿಯುತ್ತ ಕೂತುಬಿಡುತ್ತಿದ್ದ. ಊಟದ ಹೊತ್ತಿಗೆ ನಾನು ಹುಡುಕಿಕೊಂಡು ಹೋಗಿ ಕರೆತರಬೇಕಾಗಿತ್ತು.

ಅಮ್ಮನ ಸ್ವಭಾವ ಅದಕ್ಕೆ ಪೂರ್ತಿ ವಿರುದ್ಧ. ಪಕ್ಕದ ಹಳ್ಳಿಯ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಕೊನೆಯ ಬೆಂಚಿಗೆ ಕೇಳುವಂತೆ ಮಾತಾಡಿ ರೂಢಿಯಾಗಿ, ಮನೆಯಲ್ಲಿ ಉಪ್ಪು ಕೇಳಿದರೂ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಅಡುಗೆಮನೆಯ ಅಧಿಕಾರ ಮಾತ್ರ ಅಪ್ಪನ ಅಮ್ಮನದು, ಅಂದರೆ ನಮ್ಮ ಅಜ್ಜಿಯದು. ಹುತ್ರಿದುರ್ಗದ ಕಡೆಯಿಂದ ಮದುವೆಯಾಗಿ ಬಂದಿದ್ದ ಅಜ್ಜಿಗೆ ಕೆಲವು ಗಟ್ಟಿ ಅಭಿಪ್ರಾಯಗಳಿದ್ದವು. ಬೆಕ್ಕು ಹಾಲಿಗೆ ಬಾಯಿ ಹಾಕುತ್ತದೆ, ಆದ್ದರಿಂದ ಮನೆಯಲ್ಲಿ ಬೆಕ್ಕು ಕೂಡದು. ಅಟ್ಟದ ಗೋಡೆಯ ಸಂದಿನಲ್ಲಿ ಗೂಡು ಮಾಡಿಕೊಂಡಿದ್ದ ಗೂಬೆ ಜೋಡಿ ಮನೆಗೆ ಕೇಡು, ಆದ್ದರಿಂದ ಅವನ್ನು ಓಡಿಸಬೇಕು. ಓಡಿಸಲೆಂದು ಅಜ್ಜಿ ಮೆಣಸಿನಕಾಯಿ ಹೊಗೆ ಹಾಕಿದಾಗ ನಾವೆಲ್ಲ ಕೆಮ್ಮಿಕೊಂಡು ಹಿತ್ತಲಿಗೆ ಓಡಿದೆವು. ಗೂಬೆಗಳು ಕದಲಲಿಲ್ಲ.

ಇನ್ನು ನಮ್ಮ ನಾಯಿ. ಕಂದು ಬಣ್ಣದ, ಒಂದು ಕಿವಿ ಮಡಚಿಕೊಂಡಿದ್ದ ಬೀದಿನಾಯಿ. ಒಂದು ದಿನ ಹೇಳದೆ ಕೇಳದೆ ಬಾಗಿಲಿಂದ ಒಳಗೆ ಬಂದು, ಒಂದೊಂದೇ ಕೋಣೆಯನ್ನು ಮೂಸಿ ಪರೀಕ್ಷೆ ಮಾಡಿ, ಅಜ್ಜಿ ಆರಲಿಟ್ಟಿದ್ದ ಉಪ್ಪಿಟ್ಟು ತಿಂದು, ಜಗಲಿಯಲ್ಲಿ ಕಾಲು ಚಾಚಿ ಮಲಗಿತು. ಅಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿ, ತಮ್ಮ ಸ್ಕೂಲಿಗೆ ಬರುವ ಇನ್ಸ್‌ಪೆಕ್ಟರೂ ಹೀಗೇ ಮಾಡುವುದು ಅಂದಳು. ಆ ಹೆಸರೇ ನಿಂತಿತು. ಅಂದಿನಿಂದ ಅವನು ಇನ್ಸ್‌ಪೆಕ್ಟರ್, ಊರವರ ಬಾಯಲ್ಲಿ ಇನ್ಸ್‌ಪೆಟ್ರು.

ಇಲಿಗಳು ನಮ್ಮಲ್ಲಿ ಮೊದಲಿಂದಲೂ ಇದ್ದವು. ಅಟ್ಟದಲ್ಲಿ ಕಾಯಿಗೆ ತೂತು ಕೊರೆದು ತಿನ್ನುವುದು, ರಾಗಿ ವಾಡೆಯ ಸುತ್ತ ಓಡಾಡುವುದು, ಇದನ್ನೆಲ್ಲ ಮನೆಯವರು ಗೊಣಗಿಕೊಂಡೇ ಸಹಿಸಿಕೊಂಡಿದ್ದರು. ಆದರೆ ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅವು ಅಮ್ಮನ ಪೇಪರಿಗೆ ಬಾಯಿ ಹಾಕಿದವು. ಅರ್ಧ ವಾರ್ಷಿಕ ಪರೀಕ್ಷೆಯ ಸಮಾಜ ವಿಜ್ಞಾನದ ಉತ್ತರ ಪತ್ರಿಕೆಗಳನ್ನು ಅಮ್ಮ ಇನ್ನೂ ತಿದ್ದಿರಲಿಲ್ಲ. ಬಟ್ಟೆಚೀಲದಲ್ಲಿ ಕಟ್ಟಿ ಮೊಳೆಗೆ ತೂಗುಹಾಕಿದ್ದಳು. ಬೆಳಗ್ಗೆ ತೆಗೆದು ನೋಡಿದರೆ ಹನ್ನೊಂದು ಮಕ್ಕಳ ಉತ್ತರಗಳು ಅವಲಕ್ಕಿಯಂತೆ ಉದುರಿದವು. ಅಮ್ಮ ಆ ಹನ್ನೊಂದು ಮಕ್ಕಳನ್ನು ಭಾನುವಾರ ನಮ್ಮ ಮನೆಯ ಜಗಲಿಗೆ ಕರೆಸಿ, ಮತ್ತೆ ಪರೀಕ್ಷೆ ಬರೆಸಿ, ಅಜ್ಜಿಯ ಕೈಯಲ್ಲಿ ಎಲ್ಲರಿಗೂ ಉಪ್ಪಿಟ್ಟು ಮಾಡಿಸಿದಳು. ಪೇಪರು ಉಳಿದಿದ್ದ ಮಕ್ಕಳು ಸೋಮವಾರ ಬಂದು, ತಮ್ಮ ಪೇಪರನ್ನೂ ಇಲಿಗೆ ಕೊಡಿ ಮಿಸ್ ಎಂದು ಕೇಳಿದರಂತೆ. ಅಮ್ಮನಿಗೆ ಮಾತ್ರ ನಗು ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಅಪ್ಪಣೆಯಾಯಿತು.

"ನಾಳೆ ಕುಣಿಗಲ್‌ಗೆ ಹೋಗಿ ಪಾಷಾಣ ತಗೊಂಡ್ ಬನ್ನಿ. ಈ ಮನೇಲಿ ಇಲಿ ಇರ್ಬೇಕು, ಇಲ್ಲ ನಾನಿರ್ಬೇಕು."

ಅಪ್ಪ ತಂದ. ಗೊಬ್ಬರದ ಅಂಗಡಿಯವನು ಕೊಟ್ಟಿದ್ದು ಸೋಪಿನ ಬಿಲ್ಲೆಯಂತಿದ್ದ ನೀಲಿ ಕೇಕುಗಳು, ಹಳದಿ ರಟ್ಟಿನ ಡಬ್ಬಿಯಲ್ಲಿ. ಡಬ್ಬಿಯ ಮೇಲೆ ಮೀಸೆ ಬಿಟ್ಟ ಒಂದು ಇಲಿಯ ಚಿತ್ರ. ಅದು ನೋಡಲು ನಮ್ಮ ಹೆಡ್‌ಮಾಸ್ಟರಂತೆಯೇ ಇತ್ತು. ಅಪ್ಪ ಹನ್ನೆರಡು ಕೇಕುಗಳನ್ನು ಕಾಯಿಗಳ ಸಂದಿಯಲ್ಲಿ ಇಟ್ಟು ಇಳಿದು, ಸೀಗೆಪುಡಿ ಹಾಕಿ ಕೈ ತೊಳೆದು, ಡಬ್ಬಿಯನ್ನು ಬಚ್ಚಲ ಒಲೆಯ ಸೌದೆಯ ಮೇಲೆ ಹಾಕಿದ, ಬೆಳಗ್ಗೆ ನೀರು ಕಾಯಿಸುವಾಗ ಸುಟ್ಟುಹೋಗಲಿ ಎಂದು. ಅದನ್ನು ಯಾರೂ ಮುಟ್ಟಕೂಡದು ಎಂದು ಅಮ್ಮ ನನ್ನ ಮುಖ ನೋಡಿಯೇ ಹೇಳಿದಳು. ನಾನು ಹೂಂ ಅಂದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಚ್ಚಲಿಗೆ ಹೋಗಿ ಅದನ್ನು ಎತ್ತಿಕೊಂಡು, ಚೌಕಾಬಾರದ ಹುಣಸೆಬೀಜ ತುಂಬಿ ಸ್ಕೂಲ್ ಬ್ಯಾಗಿನ ತಳಕ್ಕೆ ಸೇರಿಸಿದೆ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನದಿಂದ ಇಲಿಗಳು ಹಗಲಲ್ಲೇ ಕಾಣಿಸತೊಡಗಿದವು. ಅಮಲು ಹತ್ತಿದವರಂತೆ ಹಿತ್ತಲಲ್ಲಿ ತೂರಾಡಿಕೊಂಡು ಹೋಗುತ್ತಿದ್ದವು. ಹುಟ್ಟಿದಾಗಿನಿಂದ ಒಂದು ಇಲಿಯನ್ನೂ ಹಿಡಿದು ಗೊತ್ತಿಲ್ಲದ ಇನ್ಸ್‌ಪೆಕ್ಟರನಿಗೆ ಇದು ಹಬ್ಬ. ಒಂದನ್ನು ಹಿಡಿದು ಬಾಯಲ್ಲಿ ಕಚ್ಚಿಕೊಂಡು, ಮೆಟ್ಟಿಲ ಹತ್ತಿರ ಬಂದು ತಲೆ ಎತ್ತಿ ನಿಂತ. ಅಮ್ಮ ಶಭಾಷ್ ಎಂದು ಬೆನ್ನು ತಟ್ಟಿದಳು. ಅವನು ಅಲ್ಲೇ ಅದನ್ನು ತಿಂದು ಮುಗಿಸಿದ. ಆ ವಾರ ಅವನು ತಿಂದ ಇಲಿ ಎಷ್ಟೋ. ಅಮ್ಮ ಪ್ರತಿ ಸಲವೂ ರೊಟ್ಟಿಚೂರು ಹಾಕಿ ಹುರಿದುಂಬಿಸಿದಳು. ಅದೇ ವಾರ, ಗುರುವಾರ ಇರಬೇಕು, ಗೂಬೆ ಜೋಡಿಯಲ್ಲಿ ಒಂದು ತೆಂಗಿನ ಬುಡದಲ್ಲಿ ಸತ್ತು ಬಿದ್ದಿತ್ತು. ಬಿಳಿಯ ಅಗಲ ಮುಖ, ಕೊಕ್ಕಿನ ಹತ್ತಿರ ಸಾಸಿವೆಯಷ್ಟು ರಕ್ತ. ಅಜ್ಜಿ ಅದನ್ನು ಕೋಲಿನಿಂದ ಬೇಲಿಯಾಚೆ ತಳ್ಳಿ, ತಲೆಗೆ ನೀರು ಹುಯ್ದುಕೊಂಡು, ಅವತ್ತು ಪಾಯಸ ಮಾಡಿದಳು. ಒಂದು ಪೀಡೆ ತಾನಾಗಿಯೇ ತೊಲಗಿತೆಂಬ ಸಂತೋಷ ಅವಳಿಗೆ.

ಶನಿವಾರ ಬೆಳಗಿನ ಸ್ಕೂಲು. ನಾನು ಜಡೆ ಹಾಕಿಸಿಕೊಂಡು, ಬ್ಯಾಗು ಬೆನ್ನಿಗೇರಿಸಿ ಹೊರಗೆ ಬಂದರೆ ಇನ್ಸ್‌ಪೆಕ್ಟರ್ ಏಳಲಿಲ್ಲ. ದಿನಾ ಗೇಟಿನ ತನಕ ಬಂದು ಬೀಳ್ಕೊಡುವವನು ಕಣ್ಣು ಮಾತ್ರ ತಿರುಗಿಸಿದ. ಮೂಗಿನಿಂದ ರಕ್ತ ಇಳಿದು ಜಗಲಿಯ ಸಿಮೆಂಟಿನ ಮೇಲೆ ಒಣಗಿತ್ತು. ನಾನು ಕೂಗಿದ್ದು ಕೇಳಿ ಅಮ್ಮ ಬಂದಳು, ಹಿಂದೆಯೇ ಅಪ್ಪ. ಅಮ್ಮ ನಾಯಿಯನ್ನು ನೋಡಿದಳು, ಆಮೇಲೆ ಮೆಟ್ಟಿಲ ಬದಿಯಲ್ಲಿ ಬಿದ್ದಿದ್ದ ಒಂದು ಇಲಿಯ ಬಾಲವನ್ನು ನೋಡಿದಳು. ಅಮ್ಮನ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾನೇ ತಿನ್ಸಿದೆ ಕಣ್ರೀ. ಬೆನ್ನು ತಟ್ಟಿ ತಿನ್ಸಿದೆ."

ಅಪ್ಪ ಗೋಣಿಚೀಲ ಹಾಸಿ ನಾಯಿಯನ್ನು ಎತ್ತಿಕೊಂಡ. ಮೂವರೂ ಬಸ್‌ಸ್ಟ್ಯಾಂಡಿಗೆ ಓಡಿದೆವು. ಕುಣಿಗಲ್ ಕಡೆಗೆ ಹೊರಟಿದ್ದ ಪ್ರೈವೇಟ್ ಬಸ್ಸಿನ ಕಂಡಕ್ಟರು ಬಾಗಿಲಿಗೆ ಕೈ ಅಡ್ಡ ಇಟ್ಟು, ನಾಯಿ ಗೀಯಿ ಹತ್ತಿಸಲ್ಲ ಅಂದ. ಅಮ್ಮ ಅವನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಕೊನೆಯ ಬೆಂಚಿನ ದನಿ ವಾಪಸು ಬಂತು.

"ಲೋ ಮಂಜ, ಮೂರನೇ ಕ್ಲಾಸಲ್ಲಿ ನೀನು ಬೆಂಚ್ ಮೇಲೆ ವಾಂತಿ ಮಾಡ್ಕೊಂಡಾಗ ಬಳಿದಿದ್ದು ಯಾರ್ಲಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಮೀಸೆ ಹೊತ್ತ ಕಂಡಕ್ಟರು ತಲೆ ತಗ್ಗಿಸಿ ದಾರಿ ಬಿಟ್ಟ. ಅಷ್ಟೇ ಅಲ್ಲ, ಡ್ರೈವರನ ಹಿಂದಿನ ಉದ್ದ ಸೀಟಿನಲ್ಲಿದ್ದವರನ್ನು ಎಬ್ಬಿಸಿ ನಮಗೆ ಜಾಗ ಮಾಡಿಸಿದ. ದಾರಿಯುದ್ದಕ್ಕೂ ಅಪ್ಪ ಇನ್ಸ್‌ಪೆಕ್ಟರನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದ.

ಕುಣಿಗಲಿನ ಪಶು ಆಸ್ಪತ್ರೆಯಲ್ಲಿ ಹೊಸದಾಗಿ ಬಂದ ಡಾಕ್ಟರಮ್ಮ ಇದ್ದರು. ಚಿಕ್ಕ ವಯಸ್ಸು, ಚೂಡಿದಾರದ ತೋಳು ಮೊಣಕೈ ತನಕ ಮಡಚಿದ್ದರು. ಹಸು ನೋಡುವ ಹೆಂಗಸು ಡಾಕ್ಟರನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಅವರು ನಾಯಿಯ ತುಟಿ ಎತ್ತಿ ತೋರಿಸಿದರು. ಒಸಡು ಗೋಡೆಯ ಸುಣ್ಣದಂತೆ ಬೆಳ್ಳಗಿತ್ತು. ಯಾವ ಪಾಷಾಣ ಎಂದು ಕೇಳಿದರು. ಅಪ್ಪ, ಕೇಕು, ನೀಲಿ ಕೇಕು ಎಂದ. ಹೆಸರೇನು ಎಂದರು. ಅಪ್ಪನಿಗೆ ಗೊತ್ತಿರಲಿಲ್ಲ. ಡಬ್ಬಿ ಎಲ್ಲಿ ಎಂದರು. ಸುಟ್ಟುಹೋಯಿತು ಎಂದ. ಡಾಕ್ಟರಮ್ಮ ಬೇಗ ಬೇಗ ವಿವರಿಸಿದರು. ಇಲಿ ಪಾಷಾಣದಲ್ಲಿ ಹಲವು ಜಾತಿ. ಕೆಲವು ರಕ್ತ ಹೆಪ್ಪುಗಟ್ಟದಂತೆ ಮಾಡಿ ದಿನಗಟ್ಟಲೆ ತಡೆದು ಕೊಲ್ಲುತ್ತವೆ, ಅದಕ್ಕೆ ಇಂಜೆಕ್ಷನ್ ಉಂಟು. ಇನ್ನು ಕೆಲವು ಬೇರೆ ಥರ, ಅದಕ್ಕೆ ಈ ಇಂಜೆಕ್ಷನ್ ಉಪಯೋಗವಿಲ್ಲ. ನೋಡಿದರೆ ಮೊದಲನೆಯದರ ಹಾಗೆ ಕಾಣುತ್ತದೆ, ಆದರೆ ಹೆಸರು ಗೊತ್ತಾದರೆ ಎಷ್ಟು ಕೊಡಬೇಕು, ಎಷ್ಟು ದಿನ ಕೊಡಬೇಕು ಎಂಬುದು ಖಚಿತವಾಗುತ್ತದೆ. ಅಂಗಡಿಗೆ ಹೋಗಿ ಕೇಳಿ ಬನ್ನಿ ಎಂದರು. ಅಪ್ಪ ಬಾಗಿಲ ತನಕ ಹೋಗಿ, ಶನಿವಾರ ಆ ಅಂಗಡಿ ತೆಗೆಯುವುದಿಲ್ಲ ಎಂದು ನೆನಪಾಗಿ ಅಲ್ಲೇ ನಿಂತುಬಿಟ್ಟ.

ಬ್ಯಾಗು ನನ್ನ ಬೆನ್ನ ಮೇಲೇ ಇತ್ತು. ಒಳಗಿನ ಹುಣಸೆಬೀಜಗಳು ಅಲುಗಾಡುವುದು ಬೆನ್ನಿಗೆ ತಿಳಿಯುತ್ತಿತ್ತು. ಹೇಳಿದರೆ ಅಮ್ಮನ ಕೈಯ ಏಟು ಖಂಡಿತ. ಅಮ್ಮ ಅಪರೂಪಕ್ಕೆ ಹೊಡೆಯುತ್ತಿದ್ದಳು, ಹೊಡೆದರೆ ಸುಳ್ಳು ಹೇಳಿದ್ದಕ್ಕೇ ಹೊಡೆಯುತ್ತಿದ್ದಳು, ಮತ್ತು ನಾನು ಅವಳ ಕಣ್ಣು ನೋಡಿಕೊಂಡೇ ಹೂಂ ಅಂದಿದ್ದೆ. ಟೇಬಲ್ಲಿನ ಮೇಲೆ ಇನ್ಸ್‌ಪೆಕ್ಟರನ ಬಾಲ ಅಪ್ಪನ ದನಿ ಕೇಳಿ ಒಂದೇ ಒಂದು ಸಲ ಅಲ್ಲಾಡಿತು. ನಾನು ಬ್ಯಾಗು ಇಳಿಸಿ, ಪುಸ್ತಕಗಳನ್ನೆಲ್ಲ ನೆಲಕ್ಕೆ ಸುರಿದು, ಡಬ್ಬಿಯನ್ನು ಡಾಕ್ಟರಮ್ಮನ ಕೈಗೆ ಕೊಟ್ಟು ಗೋಡೆಗೆ ಮುಖ ಮಾಡಿ ನಿಂತೆ. ಹುಣಸೆಬೀಜಗಳು ಆಸ್ಪತ್ರೆಯ ತುಂಬ ಉರುಳಿದವು. ಏಟು ಬೀಳಲಿಲ್ಲ. ಡಾಕ್ಟರಮ್ಮ ಡಬ್ಬಿಯ ಸಣ್ಣ ಅಕ್ಷರಗಳನ್ನು ಓದಿ, ಔಷಧಿ ಎಳೆದು, ಚುಚ್ಚಿ, ಆಮೇಲೆ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಎರಡು ಸಲ ಸೋಪು ಹಾಕಿ ಕೈ ತೊಳೆಸಿದರು.

"ಇದನ್ನ ಇಟ್ಕೊಂಡಿದ್ದು ದೊಡ್ಡ ತಪ್ಪು. ಈಗ ಹೇಳಿದ್ದು ಒಳ್ಳೇದು. ಎರಡನ್ನೂ ನೆನಪಿಟ್ಕೋ."

ನೆನಪಿದೆ. ಅಮ್ಮ ಮಾತ್ರ ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಮನೆಗೆ ಹೋದ ಮೇಲೆ ನನ್ನ ಇಡೀ ಬ್ಯಾಗನ್ನು ಬಿಸಿನೀರಿನಲ್ಲಿ ಒಗೆದು ಹಾಕಿದಳು, ಅಷ್ಟೆ.

ಆಸ್ಪತ್ರೆಯಲ್ಲಿ ಕಾಯುವಾಗ ಡಾಕ್ಟರಮ್ಮ ಇನ್ನೊಂದು ಪ್ರಶ್ನೆ ಕೇಳಿದ್ದರು. ಮನೆಯ ಸುತ್ತ ಗೂಬೆ, ಮುಂಗುಸಿ ಏನಾದರೂ ಸತ್ತಿದ್ದು ಕಂಡಿರಾ ಎಂದು. ಅಪ್ಪ ಗೂಬೆಯ ಸಂಗತಿ ಹೇಳಿದ. ಒಂದು ಗೂಬೆ ಸಂಸಾರ ದಿನಾ ಎಷ್ಟು ಇಲಿ ಹಿಡಿದು ತಿನ್ನುತ್ತದೆ ಗೊತ್ತೇ, ನಿಮ್ಮ ಪಾಷಾಣ ಇಲಿಯ ಹೊಟ್ಟೆಯಿಂದ ಅದರ ಹೊಟ್ಟೆಗೆ ಹೋಗಿದೆ ಎಂದರು. ಇನ್ನೊಂದು ಗೂಬೆ ಉಳಿದಿದ್ದರೆ, ಮರಿಗಳಿದ್ದರೆ, ಅದು ಮರಿಗಳಿಗೂ ಅದೇ ಇಲಿಯನ್ನೇ ತಂದು ಕೊಡುತ್ತಿರುತ್ತದೆ, ಮೊದಲು ಉಳಿದ ಕೇಕನ್ನೆಲ್ಲ ತೆಗೆಯಿರಿ ಎಂದರು. ಮನೆಯಲ್ಲಿ ಕೊಡಲು ಅವರು ಬರೆದುಕೊಟ್ಟ ಮಾತ್ರೆಗಳು ಕುಣಿಗಲಿನಲ್ಲಿ ಸಿಗಲಿಲ್ಲ. ಅಪ್ಪ ಅಲ್ಲಿಂದಲೇ ತುಮಕೂರಿಗೆ ಬಸ್ಸು ಹತ್ತಿದ. ಮೂರು ಮೆಡಿಕಲ್ ಸ್ಟೋರು ಸುತ್ತಿದ ಮೇಲೆ ಸಿಕ್ಕಿತಂತೆ. ಪೇಷಂಟ್ ಹೆಸರೇನು ಎಂದು ಕೇಳಿದ್ದಕ್ಕೆ ಅಪ್ಪ ಯೋಚನೆ ಮಾಡದೆ ಇನ್ಸ್‌ಪೆಕ್ಟರ್ ಅಂದನಂತೆ. ಅಂಗಡಿಯವರು ಗಾಬರಿಯಾಗಿ, ಕ್ಯೂ ಬಿಡಿಸಿ, ಸಾಹೇಬರು ಬೇಗ ಹುಷಾರಾಗಲಿ ಎಂದು ಹೇಳಿ ಕಳಿಸಿದರಂತೆ.

ಅಜ್ಜಿಗೆ ಗೂಬೆಯ ವಿಷಯ ಹೇಳಿದ್ದು ಅಮ್ಮ. ಅಜ್ಜಿ ರೊಟ್ಟಿ ತಟ್ಟುತ್ತಿದ್ದಳು. ಕೇಳಿಸಿಕೊಂಡು ಇನ್ನೆರಡು ರೊಟ್ಟಿ ತಟ್ಟಿ ಮುಗಿಸಿದಳು. ಭಾನುವಾರ ಅಪ್ಪ, ಅಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಟ್ಟ ಹತ್ತಿ ಒಂದೊಂದೇ ಕಾಯಿ ಸರಿಸಿ ಕೇಕು ಹುಡುಕಿದರು. ನಾನು ಏಣಿಯ ಕೆಳಗೆ ಲೆಕ್ಕದವಳು. ಹನ್ನೆರಡರಲ್ಲಿ ಏಳು ಸಿಕ್ಕವು, ಉಳಿದವು ಹೊಟ್ಟೆ ಸೇರಿದ್ದವು. ಸತ್ತ ಇಲಿಗಳನ್ನೂ ಸೇರಿಸಿ ತೋಟದ ಮೂಲೆಯಲ್ಲಿ ಅಪ್ಪ ಎದೆಮಟ್ಟ ಗುಂಡಿ ತೋಡಿ ಹೂತ. ಗೋಡೆಯ ಸಂದಿಯಲ್ಲಿ ನಿಜವಾಗಿಯೂ ಮೂರು ಮರಿಗಳಿದ್ದವು, ಹತ್ತಿಯ ಉಂಡೆಯಂತೆ ಬೆಳ್ಳಗೆ, ಬುಸ್ಸೆಂದು ಹಾವಿನ ಹಾಗೆ ಸದ್ದು ಮಾಡುತ್ತ. ಅಪ್ಪ ಮೇಲಿನಿಂದಲೇ ಅದನ್ನು ಹೇಳಿದಾಗ ಅಜ್ಜಿ ಸೆರಗು ಕಟ್ಟಿಕೊಂಡು, ನಾನೂ ನೋಡ್ಬೇಕು, ಏಣಿ ಹಿಡ್ಕೊ ಅಂದಳು. ಅರ್ಧ ಏಣಿ ಹತ್ತಿ, ಕತ್ತು ಚಾಚಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಮೂತಿ ನೋಡು, ಹಸುಗೂಸಿನಂಗೈತೆ. ನಾನು ಪಾಯ್ಸ ಮಾಡ್ಬಿಟ್ನಲ್ಲ ಕಣೇ."

ಒಂದು ಮರಿ ಉಳಿಯಲಿಲ್ಲ. ಉಳಿದೆರಡು, ಒಂಟಿ ತಾಯಿಯೋ ತಂದೆಯೋ ತಂದು ಕೊಟ್ಟಿದ್ದನ್ನು ತಿಂದು ದೊಡ್ಡವಾಗಿ, ಒಂದು ಸಂಜೆ ತೆಂಗಿನ ಗರಿಯಿಂದ ಗರಿಗೆ ಹಾರಿದವು. ಇನ್ಸ್‌ಪೆಕ್ಟರ್ ಒಂದು ವಾರ ಜಗಲಿ ಬಿಟ್ಟು ಕದಲಲಿಲ್ಲ. ಮಾತ್ರೆ ಒಂದು ತಿಂಗಳು ಕೊಡಬೇಕಿತ್ತು. ಬಾಳೆಹಣ್ಣಿನಲ್ಲಿಟ್ಟರೆ ಹಣ್ಣು ತಿಂದು ಮಾತ್ರೆ ಉಗುಳುತ್ತಿದ್ದ, ಬೆಲ್ಲದಲ್ಲಿಟ್ಟರೆ ಬೆಲ್ಲ ನೆಕ್ಕಿ ಮಾತ್ರೆ ಬಿಡುತ್ತಿದ್ದ. ಕೊನೆಗೆ ಅಜ್ಜಿ ಉಪ್ಪಿಟ್ಟಿನ ಉಂಡೆಯೊಳಗೆ ಇಟ್ಟಳು, ಅದೂ ತುಪ್ಪ ಹಾಕಿದ ಉಪ್ಪಿಟ್ಟು. ಒಂದು ತಿಂಗಳು ಮನೆಯಲ್ಲಿ ದಿನಾ ಉಪ್ಪಿಟ್ಟು. ನಮಗೆಲ್ಲ ಸಾಕೋ ಸಾಕು ಅನ್ನಿಸಿತು. ಇಲಿಗಳಿಗೆ ಬೇರೆ ವ್ಯವಸ್ಥೆಯಾಯಿತು. ಅಪ್ಪ ಇಲಿ ಹತ್ತದಂತೆ ತೆಂಗಿನಮರಗಳಿಗೆ ತಗಡಿನ ಪಟ್ಟಿ ಸುತ್ತಿ, ಅಟ್ಟದ ತೂತುಗಳಿಗೆ ಜಾಲರಿ ಬಡಿದ. ಅಮ್ಮ ಗುಬ್ಬಿಯಲ್ಲಿದ್ದ ತನ್ನ ಅಕ್ಕನ ಮನೆಯಿಂದ ಒಂದು ಹೆಣ್ಣು ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿ ಮೂರು ಬಸ್ಸು ಬದಲಿಸಿ ತಂದಳು. ಅಜ್ಜಿ ಎರಡು ದಿನ ಬೆಕ್ಕಿನ ಜೊತೆಗೂ ಅಮ್ಮನ ಜೊತೆಗೂ ಮಾತು ಬಿಟ್ಟು, ಮೂರನೆಯ ದಿನ ಹಾಲಿನ ಪಾತ್ರೆಯ ಮೇಲೆ ಬೀಸುವ ಕಲ್ಲಿನ ಒಂದು ಹೋಳು ಹೇರಿ ರಾಜಿಯಾದಳು.

ಇಷ್ಟಾದರೂ ಅಮ್ಮನಿಗೆ ಒಂದು ಚಿಂತೆ ಉಳಿಯಿತು. ನಮ್ಮ ಮನೆಯಲ್ಲಿ ಪಾಷಾಣ ಇಲ್ಲದಿದ್ದರೇನು, ಇನ್ಸ್‌ಪೆಕ್ಟರ್ ಹುಷಾರಾದ ಮೇಲೆ ಬೀದಿಯ ಎಲ್ಲ ಮನೆಗಳ ಹಿತ್ತಲನ್ನೂ ಇನ್‌ಸ್ಪೆಕ್ಷನ್ ಮಾಡುವವನೇ. ಕೊಬ್ಬರಿ ಅಟ್ಟ ಇದ್ದವರೆಲ್ಲ ಅದೇ ನೀಲಿ ಕೇಕು ತರುತ್ತಿದ್ದರು. ಹೆಂಗಸರಿಗೆ ನಾನು ಹೇಳುತ್ತೇನೆ, ಗಂಡಸರಿಗೆ ನೀವೇ ಹೇಳಬೇಕು, ಬೆಳಗ್ಗೆ ಡೇರಿಗೆ ಎಲ್ಲರೂ ಹಾಲು ತರುತ್ತಾರಲ್ಲ, ಅಲ್ಲಿ ಹೇಳಿ ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಮೂರು ದಿನ ಹೋಗಿ, ಹಾಲು ಅಳೆಸಿ, ಏನೂ ಹೇಳದೆ ವಾಪಸು ಬಂದ. ನಾಲ್ಕನೆಯ ದಿನ ಇನ್ಸ್‌ಪೆಕ್ಟರನ ಕೊರಳಿಗೆ ಹಗ್ಗ ಕಟ್ಟಿ ನನ್ನ ಕೈಗೆ ಕೊಟ್ಟು, ಬಾ ಅಂದ.

ಡೇರಿಯ ಮುಂದೆ ಇಪ್ಪತ್ತು ಮೂವತ್ತು ಜನ ಕ್ಯಾನು ಹಿಡಿದು ನಿಂತಿದ್ದರು. ಅಪ್ಪ ನಮ್ಮ ಸರದಿ ಬರುವ ತನಕ ನಿಂತ. ಹಾಲು ಅಳೆಸಿದ. ಕ್ಯಾನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ಆಮೇಲೆ ಜನರ ಕಡೆ ತಿರುಗಿ, ಯಾರ ಮುಖವನ್ನೂ ನೋಡದೆ, ನಾಯಿಯನ್ನೇ ನೋಡಿಕೊಂಡು ಶುರು ಮಾಡಿದ.

"ನಮ್ಮ ಇನ್ಸ್‌ಪೆಟ್ರು ಸಾಯೋ ಹಂಗಾಗೋಗಿದ್ದ."

ಯಾವ ಇನ್ಸ್‌ಪೆಟ್ರಪ್ಪಾ, ಹಾಲು ಚೆಕ್ ಮಾಡೋರಾ ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ಅಪ್ಪ ಅಲ್ಲಿಗೆ ಮುಗಿಸಿಬಿಡುತ್ತಾನೆ ಅಂದುಕೊಂಡೆ. ಮುಗಿಸಲಿಲ್ಲ. ನಗು ನಿಲ್ಲುವ ತನಕ ಕಾದ.

"ಪಾಷಾಣ ಇಕ್ಕಿದ್ದು ನಾನು. ಇಲಿಗೆ ಅಂತ ಇಕ್ದೆ. ಅದು ತಿಂದ್ಮೇಲೆ ಮೂರು ನಾಕು ದಿನ ಓಡಾಡ್ಕೊಂಡಿರ್ತದೆ. ಅದನ್ನ ಹಿಡಿದು ಯಾರು ತಿಂತಾರೋ ಅವ್ರಿಗೂ ಇಕ್ಕಿದಂಗೇ. ನಂಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಗೈತೆ, ಅದ್ಕೆ ಹೇಳ್ತಾ ಇವ್ನಿ. ತಗಡು ಹೊಡ್ಯೋಕೆ, ಜಾಲರಿ ಹಾಕೋಕೆ ಯಾರಿಗಾದ್ರೂ ಕೈ ಬೇಕು ಅಂದ್ರೆ ನಾನು ಬತ್ತೀನಿ."

ಅಷ್ಟೇ ಅವನ ಭಾಷಣ. ಒಬ್ಬರು, ಹೋದ ವರ್ಷ ತಮ್ಮ ನಾಯಿಯೂ ಹೀಗೇ ಮೂಗಲ್ಲಿ ರಕ್ತ ಬಂದು ಸತ್ತಿತ್ತು, ಯಾರೋ ಮಾಟ ಮಾಡಿಸಿದರು ಅಂದುಕೊಂಡಿದ್ದೆವು ಅಂದರು. ಇನ್ನೊಬ್ಬರು ಬಂದು ಇನ್ಸ್‌ಪೆಕ್ಟರನ ತುಟಿ ಎತ್ತಿ ಒಸಡು ನೋಡಿದರು. ಮುಂದಿನ ಭಾನುವಾರದಿಂದ ಅಪ್ಪ ತಗಡು, ಸುತ್ತಿಗೆ ಹಿಡಿದು ಒಂದೊಂದು ಮನೆಯ ಅಟ್ಟ ಹತ್ತತೊಡಗಿದ. ಎಲ್ಲರೂ ಒಪ್ಪಿದರು ಅಂತಲ್ಲ. ಒಪ್ಪಿದವರೇ ಅವನಿಗೆ ವರ್ಷಪೂರ್ತಿ ಸಾಕಾದರು.

ಆದರೆ ನಾನು ಹೇಳಬೇಕೆಂದಿದ್ದು ಅವತ್ತು ಡೇರಿಯಿಂದ ಮನೆಗೆ ಬಂದ ದಾರಿಯ ವಿಷಯ. ಅರ್ಧ ದಾರಿಯಲ್ಲಿ, ಹುಣಸೆಮರದ ಹತ್ತಿರ ಅಪ್ಪ ನಿಂತು ಕ್ಯಾನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ.

"ಕಾಲು ನಡುಗ್ತಿತ್ತು ಕಣೇ. ಜನಕ್ಕೆ ಗೊತ್ತಾಯ್ತಾ?"

ಅವನು ಮಾತಾಡುತ್ತಿದ್ದಷ್ಟು ಹೊತ್ತೂ ಅವನ ಪಂಚೆಯ ಅಂಚು ಗಾಳಿಗೆ ಸಿಕ್ಕ ಬಾಳೆಲೆಯ ಹಾಗೆ ಅದುರುತ್ತಿತ್ತು. ಖಾಲಿ ಕ್ಯಾನಿನ ಹಿಡಿ ಕಟಕಟ ಅನ್ನುತ್ತಿತ್ತು. ಮುಂದಿನ ಸಾಲಿನವರೆಲ್ಲ ಅದನ್ನೇ ನೋಡುತ್ತಿದ್ದರು.

"ಇಲ್ಲಪ್ಪ," ಅಂದೆ, "ಯಾರಿಗೂ ಗೊತ್ತಾಗ್ಲಿಲ್ಲ."

ಅಪ್ಪ ನನ್ನ ಮುಖ ನೋಡಿದ, ನಕ್ಕ, ಹಗ್ಗವನ್ನು ನನ್ನ ಕೈಯಿಂದ ತಗೊಂಡ. ಮನೆ ಸೇರುವ ತನಕ ಇನ್ಸ್‌ಪೆಕ್ಟರ್ ಅವನನ್ನು ಮುಂದೆ ಮುಂದೆ ಎಳೆದುಕೊಂಡು ಹೋದ.